ಉಪ್ಪು ಸುರಿಯುವವರೊಬ್ಬರು, ನೀರು ಕುಡಿಯುವವರೊಬ್ಬರು

2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶಪತ್ರ ಹೊರಡಿಸಿತು. ಪರಮಾಣು ಖನಿಜಗಳು ಮತ್ತು ‘ನಿರ್ಣಾಯಕ’ ಎಂದು ಪಟ್ಟಿ ಮಾಡಲಾದ ಖನಿಜಗಳ ಗಣಿಗಳಿಗೆ ಇನ್ನು ಮುಂದೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ ಎಂಬುದು ಅದರ ಸಾರ. ಕೇಳಿಕೊಂಡವರು ರಕ್ಷಣಾ ಸಚಿವಾಲಯ ಮತ್ತು ಪರಮಾಣು ಶಕ್ತಿ ಇಲಾಖೆ. ಕೊಟ್ಟ ಕಾರಣ ದೇಶದ ಭದ್ರತೆ. ಪರಿಸರ ಪರಿಣಾಮದ ಅಧ್ಯಯನ ಎಂದಿನಂತೆ ನಡೆಯುತ್ತದೆ, ದೆಹಲಿಯಲ್ಲಿ ತಜ್ಞರ ಸಮಿತಿ ಅದನ್ನು ನೋಡುತ್ತದೆ. ಗುಡ್ಡದ ಬುಡದಲ್ಲಿ ಬದುಕುವವರನ್ನು ಮಾತ್ರ ಕೇಳಬೇಕಾಗಿಲ್ಲ.

ಈ ವಿನಾಯಿತಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿಬರುವ ಹೆಸರು ವಿರಳ ಲೋಹಗಳದು. ಅಪರೂಪದ ವಸ್ತು, ಚೀನಾದ ಮುಷ್ಟಿಯಲ್ಲಿದೆ, ತಡ ಮಾಡಿದರೆ ಕೆಟ್ಟೆವು ಎಂಬ ವಾದ ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ ಯಾರೂ ಅದನ್ನು ಮಗುಚಿ ನೋಡುವುದಿಲ್ಲ. ಮಗುಚಿ ನೋಡಿದರೆ ಅಡಿಯಲ್ಲಿ ಕಾಣುವುದು ಮಣ್ಣು. ಈ ಲೋಹಗಳು ಹೆಸರಿಗಷ್ಟೇ ವಿರಳ. ಅವುಗಳಲ್ಲಿ ಅತಿ ಬೆಲೆಬಾಳುವವನ್ನು ಅತಿ ಅಗ್ಗವಾಗಿ ತೆಗೆಯುವ ದಾರಿ ಶಿಥಿಲಗೊಂಡ ಜೇಡಿಮಣ್ಣಿನ ಗುಡ್ಡಗಳಲ್ಲಿದೆ. ಗುಡ್ಡದ ನೀರಿನ ದಾರಿ ಬಲ್ಲವರನ್ನು ಕೇಳದೆ ಅಲ್ಲಿ ಕೈ ಹಾಕಬಾರದು ಎಂದು ಹೇಳುತ್ತಿರುವುದು ಆ ಮಣ್ಣಿನ ರಸಾಯನವೇ. ಸಭೆಯನ್ನು ಕೈಬಿಟ್ಟವರು ಜನರ ಬಾಯಿ ಮುಚ್ಚಿಸಿದರು ಎಂಬುದು ಅರ್ಧ ದೂರು. ವಿಜ್ಞಾನಕ್ಕೆ ಬೇಕಾದ ಮಾಹಿತಿಯನ್ನೇ ಅವರು ಹೊರಗಿಟ್ಟಿದ್ದಾರೆ ಎಂಬುದು ಉಳಿದರ್ಧ.

ಹೆಸರಿನ ಮೋಸ

1787ರಲ್ಲಿ ಸ್ವೀಡನ್ನಿನ ಇಟರ್ಬಿ ಎಂಬ ಹಳ್ಳಿಯ ಕಲ್ಲುಗಣಿಯಲ್ಲಿ ಕಾರ್ಲ್ ಆಕ್ಸೆಲ್ ಅರ್ಹೇನಿಯಸ್ ಎಂಬ ಸೇನಾಧಿಕಾರಿಗೆ ಭಾರವಾದ ಕಪ್ಪು ಕಲ್ಲೊಂದು ಸಿಕ್ಕಿತು. 1794ರಲ್ಲಿ ಯೋಹಾನ್ ಗಾಡೊಲಿನ್ ಅದರೊಳಗೆ ಹೊಸದೊಂದು ‘ಮಣ್ಣು’ ಇದೆ ಎಂದು ತೋರಿಸಿದ. ಆ ಕಾಲದ ರಸಾಯನಜ್ಞರ ಬಾಯಲ್ಲಿ ‘ಮಣ್ಣು’ ಎಂದರೆ ನೀರಿನಲ್ಲಿ ಕರಗದ, ಬೆಂಕಿಗೆ ಬದಲಾಗದ ಆಕ್ಸೈಡು. ಕನ್ನಡದ ಪಠ್ಯಪುಸ್ತಕಗಳ ‘ವಿರಳ ಭಸ್ಮ ಧಾತು’ ಎಂಬ ಮಾತು ಈ ಅರ್ಥಕ್ಕೆ ಬಹಳ ಹತ್ತಿರದ್ದು. ಆಯುರ್ವೇದದ ಭಸ್ಮವೂ ಸುಟ್ಟ ಲೋಹವೇ ತಾನೆ. ಈಗಿನ ಸುದ್ದಿಗಳ ‘ಅಪರೂಪದ ಭೂಖನಿಜ’ ಇಂಗ್ಲಿಷಿನ ಪದಕ್ಕೆ ಪದವಿಟ್ಟು ಮಾಡಿದ್ದು. ಅದರಲ್ಲಿ ಆ ಹಳೆಯ ಅರ್ಥ ಬಿದ್ದುಹೋಗಿದೆ, ತಪ್ಪು ಅರ್ಥವೊಂದೇ ಉಳಿದಿದೆ.

ತಪ್ಪಿರುವುದು ‘ಅಪರೂಪ’ದಲ್ಲಿ. 17 ಧಾತುಗಳ ಈ ಕುಟುಂಬದಲ್ಲಿ ಸೀರಿಯಂ ಭೂಮಿಯ ತೊಗಟೆಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ವಿಕಿರಣಶೀಲ ಪ್ರೊಮೀಥಿಯಂ ಒಂದನ್ನು ಬಿಟ್ಟರೆ, ಅತಿ ಕಡಿಮೆ ಇರುವ ಥುಲಿಯಂ, ಲುಟೀಷಿಯಂಗಳು ಕೂಡ ಚಿನ್ನಕ್ಕಿಂತ ಹತ್ತಾರು ಪಟ್ಟು ಹೆಚ್ಚಿವೆ. ಕಷ್ಟವಿರುವುದು ಅವು ಚದುರಿರುವುದರಲ್ಲಿ. ಎಲ್ಲ ಕಡೆ ಚಿಟಿಕೆಯಷ್ಟು, ರಾಶಿಯಾಗಿ ಸಿಗುವುದು ಕೆಲವೇ ಕಡೆ. ಸಿಕ್ಕರೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಗುಣದಲ್ಲಿ ಅಣ್ಣತಮ್ಮಂದಿರ ಹಾಗೆ. ಲ್ಯಾಂತನಂ ಎಂಬ ಹೆಸರಿನ ಗ್ರೀಕ್ ಮೂಲದ ಅರ್ಥ ‘ಅಡಗಿರು’ ಎಂದು. ಡಿಸ್ಪ್ರೋಸಿಯಂ ಎಂದರೆ ‘ಕೈಗೆ ಸಿಗಲು ಕಷ್ಟವಾದದ್ದು’. ಹೆಸರಿಟ್ಟವರಿಗೆ ವಿಷಯ ಸರಿಯಾಗಿಯೇ ಗೊತ್ತಿತ್ತು. ವಸ್ತು ಇದೆ, ಬಿಡಿಸಿಕೊಳ್ಳುವುದು ಕಷ್ಟ.

ಇಲ್ಲದಿರುವುದು ಬೇರೆ, ಬಿಡಿಸಿಕೊಳ್ಳುವುದು ಕಷ್ಟವಾಗಿರುವುದು ಬೇರೆ. ವಸ್ತುವೇ ಇಲ್ಲವೆಂದರೆ ಸಿಕ್ಕಿದಲ್ಲಿ ಅಗೆಯಬೇಕು, ಕೇಳಿ ಕೂರಲು ಹೊತ್ತಿಲ್ಲ ಎನ್ನಬಹುದು. ಬಿಡಿಸುವುದು ಕಷ್ಟವೆಂದರೆ ಆ ಕಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಏಳುತ್ತದೆ. ಮೊದಲ ಮಾತನ್ನು ಹಿಡಿದು ಎರಡನೆಯ ಪ್ರಶ್ನೆಯನ್ನು ಮುಚ್ಚುವುದೇ ಈಗ ನಡೆಯುತ್ತಿರುವ ರಾಜಕಾರಣ.

ಮಳೆ ಮಾಡಿಟ್ಟ ಕೆಲಸ

ಚೀನಾದ ದಕ್ಷಿಣದಲ್ಲಿ ಜಿಯಾಂಗ್‌ಷಿ ಎಂಬ ಪ್ರಾಂತವಿದೆ. ಅದರ ಗಾಂಝೌ ಸೀಮೆಯಲ್ಲಿ ಗ್ರಾನೈಟ್ ಕಲ್ಲಿನ ದುಂಡನೆಯ ತಗ್ಗು ಗುಡ್ಡಗಳು, ಬಿಸಿ ಹವೆ, ಧಾರಾಳ ಮಳೆ. 1969ರಲ್ಲಿ ಅಲ್ಲಿನ ಲಾಂಗ್‌ನಾನ್ ಎಂಬಲ್ಲಿ ಭೂವಿಜ್ಞಾನಿಗಳು ಒಂದು ವಿಚಿತ್ರ ಕಂಡರು. ಮಣ್ಣಿನಲ್ಲಿ ವಿರಳ ಲೋಹಗಳಿದ್ದವು, ಆದರೆ ಅವನ್ನು ಹೊತ್ತ ಖನಿಜ ಸಿಗಲಿಲ್ಲ. ಲೋಹಗಳು ಖನಿಜದ ಒಳಗಿರದೆ ಜೇಡಿಯ ಕಣಗಳ ಮೈಗೆ ಬರಿದೆ ಅಂಟಿಕೊಂಡಿದ್ದವು.

ಇದು ಆಗುವ ಬಗೆ ಹೀಗೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ನೀರು ಲಕ್ಷಾಂತರ ವರ್ಷ ಗ್ರಾನೈಟಿನೊಳಗೆ ಇಳಿದಾಗ ಕಲ್ಲಿನ ಫೆಲ್ಡ್‌ಸ್ಪಾರ್ ಕರಗಿ ಕಯೋಲಿನೈಟ್, ಹ್ಯಾಲೊಯ್ಸೈಟ್ ಎಂಬ ಜೇಡಿಗಳಾಗುತ್ತದೆ. ವಿರಳ ಲೋಹಗಳನ್ನು ಹಿಡಿದಿಟ್ಟ ಕೆಲವು ಖನಿಜಗಳೂ ಕರಗುತ್ತವೆ. ಮೊನಜೈಟ್‌ನಂಥ ಗಟ್ಟಿ ಖನಿಜಗಳು ಜಗ್ಗುವುದಿಲ್ಲ. ಬಿಡುಗಡೆಯಾದ ಲೋಹದ ಅಯಾನುಗಳು ಮೂರು ಧನ ವಿದ್ಯುದಂಶ ಹೊತ್ತು ನೀರಿನ ಜತೆ ಕೆಳಗಿಳಿಯುತ್ತವೆ. ಸೀರಿಯಂ ಮಾತ್ರ ಮೇಲ್ಪದರದಲ್ಲೇ ಆಮ್ಲಜನಕ ಸೇರಿ ಗಟ್ಟಿಯಾಗಿ ಕೂರುತ್ತದೆ. ಉಳಿದವು ಕೆಲವು ಮೀಟರ್ ಇಳಿಯುವಷ್ಟರಲ್ಲಿ ನೀರಿನ ಹುಳಿ ಕಡಿಮೆಯಾಗುತ್ತದೆ. ಅಲ್ಲಿ ಜೇಡಿಯ ಕಣಗಳ ಮೈ ಋಣ ವಿದ್ಯುದಂಶದ್ದು. ಅಯಾನು ಬಂದು ಅಂಟುತ್ತದೆ, ಮುಂದಿನ ಮಳೆಗಾಲ ಇನ್ನಷ್ಟು ತಂದು ಅಂಟಿಸುತ್ತದೆ. ಸವಕಳಿ ನಿಧಾನವಾಗಿರುವ ತಗ್ಗು ಗುಡ್ಡಗಳಲ್ಲಿ ಈ ಪದರ ಕೊಚ್ಚಿಹೋಗದೆ ಬೆಳೆಯುತ್ತದೆ.

ಹೀಗೆ ಬೆಳೆದರೂ ಅದು ತೀರ ತೆಳ್ಳನೆಯ ಅದಿರು. ಸಾವಿರ ಪಾಲು ಮಣ್ಣಿನಲ್ಲಿ ಒಂದು ಪಾಲಿನ ಆಸುಪಾಸು ಲೋಹ. ಆದರೂ ಜಗತ್ತು ಅದಕ್ಕೆ ಮುಗಿಬಿದ್ದಿದೆ. ಕಲ್ಲು ಒಡೆಯುವ, ಅರೆಯುವ, ಕುದಿಯುವ ಆಮ್ಲದಲ್ಲಿ ಬೇಯಿಸುವ ದುಬಾರಿ ಕೆಲಸವನ್ನು ಮಳೆಯೇ ಮಾಡಿ ಮುಗಿಸಿದೆ ಎಂಬುದು ಮೊದಲ ಕಾರಣ. ಕೇರಳ, ತಮಿಳುನಾಡು, ಒಡಿಶಾಗಳ ಕಡಲತೀರದ ಮೊನಜೈಟ್ ಮರಳಿನಲ್ಲಿರುವಂತೆ ಇಲ್ಲಿ ಥೋರಿಯಂ ಕಾಟ ದೊಡ್ಡದಲ್ಲ ಎಂಬುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮೊನಜೈಟಿನಲ್ಲಿ ತೀರ ಕಡಿಮೆ ಇರುವ ಡಿಸ್ಪ್ರೋಸಿಯಂ, ಟರ್ಬಿಯಂನಂಥ ಭಾರದ ಲೋಹಗಳು ಕೆಲವು ಜೇಡಿಗಳಲ್ಲಿ ಒಳ್ಳೆಯ ಪಾಲಿನಲ್ಲಿವೆ. ನಿಯೋಡಿಮಿಯಂ ಅಯಸ್ಕಾಂತ ಬಿಸಿಯಾದರೆ ಬಲ ಕಳೆದುಕೊಳ್ಳುತ್ತದೆ. ಕಾರಿನ ಮೋಟರಿನ ಕಾವಿನಲ್ಲೂ ಅದು ನಿಲ್ಲಬೇಕಾದರೆ ಚಿಟಿಕೆ ಡಿಸ್ಪ್ರೋಸಿಯಂ ಬೇಕು. ಆ ಚಿಟಿಕೆಗಾಗಿ ಟನ್ನುಗಟ್ಟಲೆ ಗುಡ್ಡ ತೊಳೆಯಬೇಕು.

ಸಡಿಲ ಹಿಡಿತ

ಜೇಡಿಗೆ ಅಂಟಿದ ಲೋಹವನ್ನು ಬಿಡಿಸಲು ಬೇಕಾದದ್ದು ಉಪ್ಪುನೀರು. ಮೊದಲು ಬಳಸಿದ್ದು ಅಡುಗೆ ಉಪ್ಪಿನ ದ್ರಾವಣವನ್ನೇ. ಆಮೇಲೆ ಅಮೋನಿಯಂ ಸಲ್ಫೇಟ್ ಬಂತು. ಗದ್ದೆಗೆ ಹಾಕುವ ಗೊಬ್ಬರದ ಹೆಸರಾಗಿ ರೈತರಿಗೆ ಪರಿಚಯವಿರುವ ಉಪ್ಪು. ಮೂರು ಅಮೋನಿಯಂ ಅಯಾನುಗಳು ಬಂದು ಕೂತರೆ ಒಂದು ಲೋಹದ ಅಯಾನು ಎದ್ದು ನೀರಿಗೆ ಬರುತ್ತದೆ. ಕೆಳಗೆ ಕೊಳದಲ್ಲಿ ಹಿಡಿದು, ಆಕ್ಸಾಲಿಕ್ ಆಮ್ಲವನ್ನೋ ಅಮೋನಿಯಂ ಬೈಕಾರ್ಬೊನೇಟನ್ನೋ ಹಾಕಿದರೆ ತಳಕ್ಕೆ ಬಿಳಿ ಗಸಿ ಇಳಿಯುತ್ತದೆ. ಅದೇ ಮಾಲು.

ಶುರುವಿನಲ್ಲಿ ಗುಡ್ಡವನ್ನು ಅಗೆದು ತೊಟ್ಟಿಗಳಲ್ಲಿ ತೊಳೆದರು. ಸಾವಿರಕ್ಕೆ ಒಂದು ಪಾಲು ಎಂಬ ಲೆಕ್ಕದಲ್ಲಿ ಒಂದು ಟನ್ ಲೋಹಕ್ಕೆ ಸಾವಿರ ಟನ್ ಮಣ್ಣು ಕಣಿವೆಗೆ ಬೀಳಬೇಕು. ತೊಳೆಯುವಾಗಿನ ನಷ್ಟ ಸೇರಿದರೆ ಇನ್ನೂ ಹೆಚ್ಚು. ಗುಡ್ಡ ಬೋಳಾಯಿತು, ಹೊಳೆ ಹೂಳಾಯಿತು. ಆಗ ಬಂದದ್ದು ‘ಇದ್ದಲ್ಲೇ ತೊಳೆಯುವ’ ವಿಧಾನ. ಗುಡ್ಡದ ನೆತ್ತಿಯಲ್ಲಿ ಸಾಲು ಸಾಲು ಕುಳಿ ತೋಡಿ ತಿಂಗಳುಗಟ್ಟಲೆ ಉಪ್ಪುನೀರು ಇಳಿಸುವುದು, ಬುಡದಲ್ಲಿ ಕಾಲುವೆ ಮತ್ತು ಸುರಂಗ ಕೊರೆದು ಹಿಡಿಯುವುದು. ಮರ ಕಡಿಯಬೇಕಿಲ್ಲ, ಮಣ್ಣು ಅಗೆಯಬೇಕಿಲ್ಲ. ಚೀನಾ ಸರ್ಕಾರ 2011ರಲ್ಲಿ ಹಳೆಯ ವಿಧಾನವನ್ನು ನಿಷೇಧಿಸಿ ಇದನ್ನು ಕಡ್ಡಾಯ ಮಾಡಿತು. ಗಣಿಯ ಪರ ಮಾತಾಡುವವರ ಮೆಚ್ಚಿನ ವಾದ ಇಂದಿಗೂ ಇದೇ: ಗುಡ್ಡ ಇದ್ದ ಹಾಗೇ ಇರುತ್ತದೆ.

ಕಣ್ಣಿಗೆ ಇದ್ದ ಹಾಗೇ ಇರುತ್ತದೆ, ನಿಜ. ಆದರೆ ಯಾವ ಸಡಿಲ ಹಿಡಿತದಿಂದಾಗಿ ಲೋಹ ಸುಲಭವಾಗಿ ಬಿಟ್ಟುಬಂತೋ ಅದೇ ಹಿಡಿತದಲ್ಲಿ ಈಗ ಅಮೋನಿಯಂ ಕೂತಿದೆ. ಲೋಹ ತೆಗೆದುಕೊಂಡವರು ಹೊರಟುಹೋದ ಮೇಲೂ ಪ್ರತಿ ಮಳೆಗಾಲ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ಒರತೆಗೆ, ಬಾವಿಗೆ, ಹೊಳೆಗೆ ಇಳಿಸುತ್ತದೆ. ಮಣ್ಣಿನ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ, ಆ ಕ್ರಿಯೆಯಲ್ಲಿ ಆಮ್ಲ ಹುಟ್ಟುತ್ತದೆ, ಆಮ್ಲ ಹೆಚ್ಚಿದಂತೆ ಅಲ್ಯೂಮಿನಿಯಂ, ಮ್ಯಾಂಗನೀಸ್, ಸೀಸಗಳಂಥ ಲೋಹಗಳೂ ಎದ್ದು ನೀರಿಗೆ ಬರುತ್ತವೆ. ನೆನೆದ ಗುಡ್ಡದ ಭಾರ ಹೆಚ್ಚಿ ಜೇಡಿ ಜಾರಿ ಭೂಕುಸಿತಗಳೂ ಆದವು. ಇದನ್ನು ಅಪಘಾತ ಎಂದು ಕರೆಯುವುದು ಕಷ್ಟ. ಆ ಜೇಡಿ ಅದಿರಾದದ್ದು ಯಾವ ಗುಣದಿಂದಲೋ ಅದೇ ಗುಣದ ಇನ್ನೊಂದು ಮುಖವಿದು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನ್ಯಾಯದ್ದು. ಗಾಂಝೌನಲ್ಲಿ ಆ ನ್ಯಾಯ ತಲೆಕೆಳಗಾಯಿತು. ಉಪ್ಪು ಸುರಿದವರು ಒಬ್ಬರು, ಆ ನೀರು ಕುಡಿಯಬೇಕಾದವರು ಇನ್ನೊಬ್ಬರು. 2012ರಲ್ಲಿ ಚೀನಾದ ಕೈಗಾರಿಕಾ ಸಚಿವಾಲಯದ ಉಪಸಚಿವ ಸು ಬೊ ಅವರೇ ಲೆಕ್ಕ ಹೇಳಿದರು: ಗಾಂಝೌನ ಗಣಿ ಪ್ರದೇಶವನ್ನು ಸರಿಪಡಿಸಲು 3,800 ಕೋಟಿ ಯುವಾನ್ ಬೇಕು. ಅದರ ಹಿಂದಿನ ವರ್ಷ ಇಡೀ ಜಿಯಾಂಗ್‌ಷಿ ಪ್ರಾಂತದ ವಿರಳ ಲೋಹ ಉದ್ಯಮ ಗಳಿಸಿದ ಲಾಭ 640 ಕೋಟಿ ಯುವಾನ್. ಒಂದು ಸೀಮೆಯನ್ನು ತೊಳೆಯಲು ಇಡೀ ಪ್ರಾಂತದ ಸುಮಾರು ಆರು ವರ್ಷಗಳ ಲಾಭ. ಅಲ್ಲಿಯವರೆಗೆ ಜಗತ್ತಿಗೆ ಅಯಸ್ಕಾಂತ ಅಗ್ಗವಾಗಿ ಸಿಕ್ಕಿದ್ದು ಈ ಬಿಲ್ಲನ್ನು ಯಾರೂ ಕಟ್ಟಿರಲಿಲ್ಲ ಎಂಬ ಕಾರಣಕ್ಕೆ.

ಗಡಿ ದಾಟಿದ ಗಣಿ

ಚೀನಾ ತನ್ನ ಗುಡ್ಡಗಳ ಮೇಲೆ ಬಿಗಿ ಮಾಡಿದಾಗ ಗಣಿ ನಿಲ್ಲಲಿಲ್ಲ, ಗಡಿ ದಾಟಿತು. ಮ್ಯಾನ್ಮಾರಿನ ಕಚಿನ್ ರಾಜ್ಯದ ಪಾಂಗ್ವಾ, ಚಿಪ್ವಿ ಕಡೆಯ ಬೆಟ್ಟಗಳಲ್ಲೂ ಅದೇ ಬಗೆಯ ಜೇಡಿ, ಅದೇ ಮಳೆ. ಇಲ್ಲದ್ದು ಕಾನೂನು. ಗ್ಲೋಬಲ್ ವಿಟ್ನೆಸ್ ಸಂಸ್ಥೆ 2022ರಲ್ಲಿ ಉಪಗ್ರಹ ಚಿತ್ರಗಳನ್ನು ನೋಡಿ ಎಣಿಸಿದಾಗ ಸುಮಾರು 300 ಕಡೆ 2,700ಕ್ಕೂ ಹೆಚ್ಚು ಕೊಳಗಳು ಕಂಡವು. ಊರವರು ಯಾರನ್ನು ಕೇಳಬೇಕು? ಒಂದು ಕಾಲಕ್ಕೆ ಸೇನೆಯ ಜತೆಗಿದ್ದ ಬಂದೂಕುಪಡೆಯ ಹಿಡಿತ, 2024ರ ಅಕ್ಟೋಬರ್‌ನಿಂದ ಪಾಂಗ್ವಾದಲ್ಲಿ ಕಚಿನ್ ಸ್ವಾತಂತ್ರ್ಯ ಸೇನೆಯ ಹಿಡಿತ. ಬಂದೂಕು ಕೈ ಬದಲಾಯಿಸಿತು, ಕೊಳಗಳು ಅಲ್ಲೇ ಇವೆ.

ಈ ಚಲನೆಯಲ್ಲಿ ಒಂದು ನಿಯಮ ಕಾಣುತ್ತದೆ. ಜೇಡಿಯ ಗಣಿ ಹೆಚ್ಚು ಲೋಹ ಇರುವಲ್ಲಿಗೇ ಹೋಗಬೇಕೆಂದಿಲ್ಲ. ಕಡಿಮೆ ಪ್ರಶ್ನೆ ಕೇಳುವಲ್ಲಿಗೆ ಹೋಗುತ್ತದೆ. ಜಗತ್ತಿನಲ್ಲಿ ನಿಜಕ್ಕೂ ವಿರಳವಾದದ್ದು ಡಿಸ್ಪ್ರೋಸಿಯಂ ಅಲ್ಲ, ಬಾಯಿಲ್ಲದ ಗುಡ್ಡ. ಹಾಗೆ ನೋಡಿದರೆ ಸೆಪ್ಟೆಂಬರ್ 8ರ ಆದೇಶ ಹೊಸ ಗಣಿ ಹುಡುಕುವ ಕೆಲಸ ಮಾಡುವುದಿಲ್ಲ. ಅಂಥ ಗುಡ್ಡಗಳನ್ನು ತಯಾರು ಮಾಡುವ ಕೆಲಸ ಮಾಡುತ್ತದೆ.

ಸುರಂಗ ತೋಡಿದವರಿಗೆ ಗೊತ್ತು

ಇದಕ್ಕೆ ಎದುರು ವಾದಗಳಿವೆ, ಹಗುರವಾದವಲ್ಲ. 2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಪರವಾನಗಿಯ ಬೇಲಿ ಹಾಕಿತು. ಕೆಲವೇ ವಾರಗಳಲ್ಲಿ ಭಾರತದ ವಾಹನ ಕಾರ್ಖಾನೆಗಳು ಅಯಸ್ಕಾಂತಕ್ಕಾಗಿ ಪರದಾಡಿದವು. ಪುಣೆ, ಚೆನ್ನೈಗಳಲ್ಲಿ ಆ ಉದ್ಯಮವನ್ನೇ ನಂಬಿದ ಕನ್ನಡ ಮನೆಗಳಿಗೆ ಇದು ಪತ್ರಿಕೆಯ ಸುದ್ದಿಯಷ್ಟೇ ಆಗಿ ಉಳಿಯುವ ಸಂಗತಿಯಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ಮಾಡುವ ಗುರಿಯಿಟ್ಟು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ತಪ್ಪೇನಿಲ್ಲ. ಫೋನು, ಸ್ಕೂಟರು, ಗಾಳಿಯಂತ್ರ ಎಲ್ಲವೂ ಬೇಕು, ಗಣಿ ಮಾತ್ರ ಬೇಡ ಎನ್ನುವುದು ಪ್ರಾಮಾಣಿಕ ನಿಲುವಲ್ಲ. ಕಚಿನ್ ಬೆಟ್ಟದ ಲೋಹ ತೊಟ್ಟು ಇಲ್ಲಿನ ಬೆಟ್ಟದ ಬಗ್ಗೆ ಕಣ್ಣೀರಿಡುವುದೂ ಅಲ್ಲ.

ಭಾರತದ ವಿರಳ ಲೋಹ ಇರುವುದು ಮುಖ್ಯವಾಗಿ ಕಡಲ ಮರಳಿನಲ್ಲಿ, ಜೇಡಿಯ ಕತೆ ಇಲ್ಲೇಕೆ ಎಂದೂ ಕೇಳಬಹುದು. ವಿನಾಯಿತಿ ಮರಳು, ಬಂಡೆ, ಜೇಡಿ ಎಂದು ಭೇದ ಮಾಡಿಲ್ಲ ಎಂಬುದು ಒಂದು ಉತ್ತರ. ಮರಳು ನಿಯೋಡಿಮಿಯಂ ಕೊಟ್ಟೀತು, ಡಿಸ್ಪ್ರೋಸಿಯಂ ಕೊಡದು. ಹಾಗಾಗಿ ಹುಡುಕಾಟ ಇಂದಲ್ಲ ನಾಳೆ ಮಳೆ ಬೀಳುವ ನಾಡಿನ ಶಿಥಿಲ ಗುಡ್ಡಗಳ ಕಡೆ ತಿರುಗುತ್ತದೆ ಎಂಬುದು ಇನ್ನೊಂದು. ಬ್ರೆಜಿಲಿನ ಗೊಯಾಸ್‌ನಲ್ಲಿ ಜೇಡಿಯ ಗಣಿ ಆಗಲೇ ಶುರುವಾಗಿದೆ.

ಶಿಥಿಲ ಗುಡ್ಡ ಎಂದರೇನು ಎಂದು ಕರಾವಳಿಯ ಕನ್ನಡಿಗರಿಗೆ ಪಾಠ ಹೇಳಬೇಕಿಲ್ಲ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಇಲ್ಲಿಯ ಕೆಂಪುಕಲ್ಲಿಗೆ. ಆ ಕಲ್ಲಿನ ಅಡಿಯಲ್ಲಿ ಸಿಗುವ ಬಿಳಿಚು ಜೇಡಿಗೆ ದಕ್ಷಿಣ ಕನ್ನಡದಲ್ಲಿ ಶೇಡಿಮಣ್ಣು ಎನ್ನುತ್ತಾರೆ. ಅಲ್ಲಿ ವಿರಳ ಲೋಹದ ಅದಿರಿದೆ ಎಂಬುದು ಈ ವಾದವಲ್ಲ. ಮಳೆ ಕಲ್ಲನ್ನು ಜೇಡಿಯಾಗಿಸುವ ಕೆಲಸ ಎರಡೂ ಕಡೆ ಒಂದೇ, ಗುಡ್ಡದೊಳಗೆ ನೀರು ಹರಿಯುವ ಗುಟ್ಟೂ ಒಂದೇ ಎಂಬುದು ಗಮನಿಸಬೇಕಾದ್ದು.

ಆ ಗುಟ್ಟು ಎಷ್ಟು ಆಳದ್ದೆಂದು ಕಾಸರಗೋಡು, ಬಂಟ್ವಾಳ ಕಡೆಯ ಸುರಂಗಗಳು ಹೇಳುತ್ತವೆ. ಗುಡ್ಡದ ಮೈಗೆ ಅಡ್ಡಲಾಗಿ ಒಬ್ಬ ಮನುಷ್ಯ ನುಗ್ಗುವಷ್ಟು ಕೊರೆದು ನೀರು ತರುವ ವಿದ್ಯೆ ಅದು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು 2022ರಲ್ಲಿ ಪದ್ಮಶ್ರೀ ಪಡೆದರು. ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದ ಅವರಿಗೆ ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ, ಸಿಕ್ಕಿದ್ದು ಆರನೆಯದರಲ್ಲಿ. ಅದೇ ಗುಡ್ಡದಲ್ಲಿ ಬದುಕಿದವರಿಗೇ ನೀರು ಐದು ಸಲ ಕೈಕೊಟ್ಟಿತು. ಹಾಗಿರುವಾಗ, ಒಂದೆರಡು ಋತು ಕೊಳವೆ ಇಳಿಸಿ ನೋಡಿದ ಕಂಪನಿ ‘ನೆತ್ತಿಯಲ್ಲಿ ಸುರಿದ ದ್ರಾವಣವೆಲ್ಲ ಬುಡದ ನಮ್ಮ ಕಾಲುವೆಗೇ ಬರುತ್ತದೆ’ ಎಂದು ವರದಿಯಲ್ಲಿ ಬರೆದರೆ ಅದನ್ನು ದೆಹಲಿಯ ಮೇಜಿನ ಮುಂದೆ ಯಾರು ಪರೀಕ್ಷಿಸುತ್ತಾರೆ? ಕೊಯ್ಲು ಕಳೆದ ಮೇಲೆ ಯಾವ ಒರತೆ ಮೊದಲು ಬತ್ತುತ್ತದೆ, ಯಾವ ಬಾವಿಯ ನೀರು ಮಳೆಗಾಲದಲ್ಲಿ ಕದಡುತ್ತದೆ, ಗುಡ್ಡದ ಆಚೆ ಬಿದ್ದ ಮಳೆ ಈಚೆ ಎಲ್ಲಿ ಏಳುತ್ತದೆ ಎಂಬುದು ಇದ್ದಲ್ಲೇ ತೊಳೆಯುವ ಗಣಿಗೆ ಬೇಕಾದ ಮೊದಲ ಮಾಹಿತಿ. ಅದು ಯಾವ ನಕ್ಷೆಯಲ್ಲೂ ಪೂರ್ತಿ ಇಲ್ಲ. ಅದು ಊರವರ ಬಾಯಲ್ಲಿದೆ. ಆ ಬಾಯಿ ತೆರೆಯಲು ಕಾನೂನಿನಲ್ಲಿದ್ದ ಜಾಗ ಅಹವಾಲು ಸಭೆ.

ಇನ್ನೊಂದು ನಷ್ಟದ ಬಗ್ಗೆ ಯಾರೂ ಮಾತಾಡುತ್ತಿಲ್ಲ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಗೆ ಮುಂಚೆ ಪರಿಣಾಮ ವರದಿಯ ಸಾರಾಂಶವನ್ನು ಇಂಗ್ಲಿಷಿನ ಜತೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ನೂರಾರು ಪುಟದ ಕಡತದಲ್ಲಿ ಕನ್ನಡಕ್ಕೋ ಒಡಿಯಾಕ್ಕೋ ಮಲಯಾಳಂಗೋ ಬರುತ್ತಿದ್ದದ್ದು ಅಷ್ಟೇ. ಅನುವಾದ ಹೆಚ್ಚಿನ ಸಲ ಕಲ್ಲು ಕಡಿಯುವಂತಿರುತ್ತಿತ್ತು ಎಂಬುದು ನಿಜ. ಆದರೂ ಗುಡ್ಡದ ಬುಡದವರು ‘ಇದೇನಿದು’ ಎಂದು ಕೇಳಲು ಕೈಯಲ್ಲಿ ಒಂದು ಕಾಗದವಿರುತ್ತಿತ್ತು. ಸಭೆಯೇ ಇಲ್ಲವೆಂದರೆ ಆ ಸಾರಾಂಶಕ್ಕೂ ಕಾರಣ ಉಳಿಯುವುದಿಲ್ಲ. ಗಣಿ ಬರುವ ಊರಿನ ಭಾಷೆಯಲ್ಲಿ ಗಣಿಯ ಬಗ್ಗೆ ಒಂದು ಸಾಲೂ ಇಲ್ಲದೆ ಎಲ್ಲ ಮುಗಿಯಬಹುದು.

ಸಭೆಗಳು ನಾಟಕ, ಮೊದಲೇ ನಿರ್ಧಾರವಾಗಿರುತ್ತದೆ ಎನ್ನುವವರಿದ್ದಾರೆ. ಹಲವು ಕಡೆ ಹಾಗೇ ಆಗಿದೆ. ಆದರೆ ನಾಟಕಕ್ಕೂ ವಿಡಿಯೊ ದಾಖಲೆ ಇರುತ್ತದೆ, ಎತ್ತಿದ ಪ್ರಶ್ನೆಗಳ ಪಟ್ಟಿ ಇರುತ್ತದೆ, ನಾಳೆ ನ್ಯಾಯಾಲಯದಲ್ಲಿ ತೋರಿಸಲು ಪುರಾವೆ ಇರುತ್ತದೆ. ಕೇಳುವುದರಿಂದ ಗಣಿಯೇ ಸುಧಾರಿಸುತ್ತದೆ ಎಂಬುದಕ್ಕೆ ಚಿಲಿಯ ಪೆಂಕೊ ಊರು ಇದೆ. ಇದೇ ಬಗೆಯ ಜೇಡಿಗೆ ಅಲ್ಲಿಗೆ ಬಂದ ಕಂಪನಿ ಊರವರ ವಿರೋಧ ಮತ್ತು ಪರಿಸರ ಪ್ರಾಧಿಕಾರದ ಪ್ರಶ್ನೆಗಳ ನಡುವೆ ತನ್ನ ವರದಿಯನ್ನು ಒಂದಕ್ಕಿಂತ ಹೆಚ್ಚು ಸಲ ಹೊಸದಾಗಿ ಕೊಡಬೇಕಾಯಿತು. ಗುಡ್ಡದೊಳಗೆ ದ್ರಾವಣ ಇಳಿಸದೆ, ಘಟಕದಲ್ಲಿ ತೊಳೆದು, ನೀರನ್ನು ಮತ್ತೆ ಬಳಸುವ ವಿಧಾನ ಅದರದು. ಚೀನಾದಲ್ಲೇ ಗ್ವಾಂಗ್‌ಝೌನ ವಿಜ್ಞಾನಿಗಳು ವಿದ್ಯುತ್ ಹಾಯಿಸಿ ಅಯಾನುಗಳನ್ನು ಎಳೆಯುವ ವಿಧಾನವನ್ನು 5,000 ಟನ್ ಅದಿರಿನ ಮೇಲೆ ಪರೀಕ್ಷಿಸಿ ಶೇ 95ರಷ್ಟು ಲೋಹ ಪಡೆದಿದ್ದಾರೆ. ಉಪ್ಪೂ ಬಹಳ ಕಡಿಮೆ ಸಾಕು. ದಾರಿಗಳಿಲ್ಲ ಎಂದಲ್ಲ. ಅಗ್ಗದ ದಾರಿ ತೆರೆದಿರುವ ತನಕ ಅವನ್ನು ಯಾರೂ ಹಿಡಿಯುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು ಸ್ಪಷ್ಟವಾಗಿದೆ. ಸೆಪ್ಟೆಂಬರ್ 8ರ ವಿನಾಯಿತಿ ಹಿಂದಕ್ಕೆ ಹೋಗಬೇಕು. ಇದ್ದಲ್ಲೇ ತೊಳೆಯುವ ಯಾವ ಯೋಜನೆಗೂ ಒರತೆ, ಬಾವಿಗಳ ಪಟ್ಟಿಯನ್ನು ಊರವರ ಜತೆ ಕೂತು ಮಾಡಿರಬೇಕು, ಅವುಗಳ ನೀರಿನ ಪರೀಕ್ಷೆ ಗಣಿ ಮುಚ್ಚಿದ ಮೇಲೂ ಹಲವು ಮಳೆಗಾಲ ನಡೆಯಬೇಕು. ಗುಡ್ಡ ಸರಿಪಡಿಸುವ ಖರ್ಚನ್ನು ಮೊದಲ ಕುಳಿ ತೋಡುವ ಮುಂಚೆಯೇ ಕಂಪನಿ ಠೇವಣಿ ಇಡಬೇಕು. ಆಗ ಅಯಸ್ಕಾಂತದ ಬೆಲೆ ಏರುತ್ತದೆ. ಏರಲಿ. ಈಗಿನ ಬೆಲೆ ಅರ್ಧ ಬೆಲೆ. ಉಳಿದರ್ಧವನ್ನು ಗಾಂಝೌನವರು, ಕಚಿನ್‌ನವರು ಕಟ್ಟುತ್ತಿದ್ದಾರೆ. ಪೂರ್ತಿ ಬೆಲೆ ಕಂಡಾಗಲೇ ಹಳೆಯ ಮೋಟರು, ಹಾರ್ಡ್ ಡಿಸ್ಕುಗಳ ಅಯಸ್ಕಾಂತವನ್ನು ಮರುಬಳಸುವ ಕೆಲಸಕ್ಕೂ ಲೆಕ್ಕ ಕೂಡಿಬರುತ್ತದೆ.

ಸಭೆ ನಡೆಸಲು 2006ರ ಅಧಿಸೂಚನೆ ಕೊಟ್ಟ ಗಡುವು 45 ದಿನ. ಮಳೆ ಆ ಲೋಹವನ್ನು ಜೇಡಿಗೆ ಅಂಟಿಸಲು ಲಕ್ಷಾಂತರ ವರ್ಷ ತೆಗೆದುಕೊಂಡಿದೆ, ಕೆಟ್ಟ ನೀರು ತಿಳಿಯಾಗಲು ದಶಕಗಳೇ ಹಿಡಿಯಬಹುದು. ಇವೆರಡರ ನಡುವೆ ಊರವರ ಮಾತು ಕೇಳಲು 45 ದಿನ ಇಲ್ಲವೆನ್ನುವ ಅವಸರಕ್ಕೆ ದೇಶದ ಭದ್ರತೆಯ ಹೆಸರು ಹೊಂದುವುದಿಲ್ಲ. ಆ ಬಾವಿಗಳ ನೀರು ಕುಡಿಯುವವರೂ ದೇಶವೇ.